ಪ್ರಶ್ನೆ ಬೇಡ, ಕಾಗದ ಕೇಳಿ: ರಾಜ್ಯ ವಿಶ್ವವಿದ್ಯಾಲಯದ ದಾಖಲೆ ಪಡೆಯಲು ಸಮಗ್ರ ಮಾರ್ಗದರ್ಶಿ

ನಾನು ಹಾಕಿದ ಮೊದಲ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗೆ ಬಂದ ಉತ್ತರ ಒಂದೇ ಸಾಲಿನದು. ಒಂದು ವಿಶ್ವವಿದ್ಯಾಲಯದಲ್ಲಿ ಅತಿಥಿ ಉಪನ್ಯಾಸಕರ ಪಟ್ಟಿ ತಿಂಗಳಾದರೂ ಹೊರಬಿದ್ದಿರಲಿಲ್ಲ. ತರಗತಿಗಳು ಖಾಲಿ ಹೊಡೆಯುತ್ತಿದ್ದವು. ಸಿಟ್ಟಿನಲ್ಲಿ ಕೂತು ಎರಡು ಪುಟ ಬರೆದೆ. ಪಟ್ಟಿ ಯಾಕೆ ತಡವಾಗಿದೆ? ಇದಕ್ಕೆ ಯಾರು ಹೊಣೆ? ವಿದ್ಯಾರ್ಥಿಗಳ ಬಗ್ಗೆ ನಿಮಗೆ ಕಾಳಜಿ ಇದೆಯೇ? 28ನೇ ದಿನ ಹಿಂಬರಹ ಬಂತು: ತಾವು ಕೋರಿರುವುದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ, ಅರ್ಜಿ ವಿಲೇ ಮಾಡಲಾಗಿದೆ.

ಬೈದುಕೊಂಡೆ. ಆಮೇಲೆ ಕಾಯ್ದೆ ಓದಿದಾಗ ಗೊತ್ತಾಯಿತು, ಹಿಂಬರಹ ಬರೆದವರು ಹೇಳಿದ್ದು ಸರಿಯೇ ಇತ್ತು. ಎರಡನೇ ಸಲ ಕೇಳಿದ್ದು ಒಂದೇ ವಸ್ತು. ಆ ಪಟ್ಟಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು. 31 ಪುಟ, 62 ರೂಪಾಯಿ. ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಅನ್ನುವುದು ಸಹಿ, ತಾರೀಖಿನ ಸಮೇತ ಅಲ್ಲಿತ್ತು. ನನ್ನ 'ಯಾಕೆ'ಗೂ 'ಯಾರು'ಗೂ ಉತ್ತರ ಅದರಲ್ಲೇ ಸಿಕ್ಕಿತು.

ವಿಶ್ವವಿದ್ಯಾಲಯ ಅಂದರೆ ಕಾಗದ ಹುಟ್ಟಿಸುವ ಕಾರ್ಖಾನೆ. ಅಲ್ಲಿ ಯಾವ ಕೆಲಸಕ್ಕೆ ಯಾವ ಕಾಗದ ಹುಟ್ಟುತ್ತದೆ ಅಂತ ಗೊತ್ತಿದ್ದವನಿಗೆ ದಾಖಲೆ ಸಿಗುತ್ತದೆ. ಗೊತ್ತಿಲ್ಲದವನಿಗೆ ಹಿಂಬರಹ ಸಿಗುತ್ತದೆ. ಆದ್ದರಿಂದ ಈ ಬರಹದಲ್ಲಿ ಕಾಯ್ದೆಗಿಂತ ಕಾಗದದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಉದಾಹರಣೆಗಳು ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳವು.

ಮೊದಲು, ಯಾವ ವಿಶ್ವವಿದ್ಯಾಲಯ?

ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ತಿಯಾಗಿ ಜಾರಿಯಲ್ಲಿದೆ. ಶಾಸನಸಭೆ ಮಾಡಿದ ಕಾನೂನಿನಿಂದ ಹುಟ್ಟಿದ ಯಾವ ಸಂಸ್ಥೆಯಾದರೂ ಅದರಡಿ 'ಸಾರ್ವಜನಿಕ ಪ್ರಾಧಿಕಾರ'. ಮೈಸೂರು, ಕರ್ನಾಟಕ, ಬೆಂಗಳೂರು, ಮಂಗಳೂರು, ಕುವೆಂಪು, ಗುಲ್ಬರ್ಗ ಮುಂತಾದವು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಡಿ ನಡೆಯುತ್ತವೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಇವಕ್ಕೆಲ್ಲ ತಮ್ಮದೇ ಕಾಯ್ದೆ ಇದೆ. ಮಾಹಿತಿ ಹಕ್ಕಿನ ಮಟ್ಟಿಗೆ ಎಲ್ಲವೂ ಒಂದೇ.

ಆದರೆ ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ರಾಜ್ಯದ್ದಲ್ಲ. ಅದಕ್ಕೆ ಕೇಂದ್ರದ ನಿಯಮ, ಎರಡನೇ ಮೇಲ್ಮನವಿ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ. ಹೆಸರಿನಲ್ಲಿ 'ಕರ್ನಾಟಕ' ಇದೆ ಅಂತ ಮೋಸ ಹೋಗಬೇಡಿ.

ಹಳೆಯ ದಾಖಲೆ ಬೇಕಾದವರು ಇನ್ನೂ ಒಂದು ಲೆಕ್ಕ ಹಾಕಬೇಕು. 1960ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅಜ್ಜನ ಕಾಲದ ಪರೀಕ್ಷಾ ದಾಖಲೆಯನ್ನು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಹುಡುಕಿ ಫಲವಿಲ್ಲ. ಅದು ಶುರುವಾದದ್ದೇ 1964ರಲ್ಲಿ. ಅದಕ್ಕೂ ಮುಂಚೆ ಆ ಕಾಲೇಜು 1916ರ ಮೈಸೂರು ವಿಶ್ವವಿದ್ಯಾಲಯದ ಕೆಳಗಿತ್ತು. ಹಾಗೆಯೇ ತುಮಕೂರು 2004ರಲ್ಲಿ ಬೆಂಗಳೂರಿನಿಂದ, ದಾವಣಗೆರೆ 2009ರಲ್ಲಿ ಕುವೆಂಪುವಿನಿಂದ, ಬೆಳಗಾವಿಯ ರಾಣಿ ಚನ್ನಮ್ಮ 2010ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬೇರೆಯಾದವು. ನೀವು ಓದಿದ ವರ್ಷದಲ್ಲಿ ಕಾಲೇಜು ಯಾರ ಸಂಯೋಜನೆಯಲ್ಲಿ (ಅಫಿಲಿಯೇಷನ್) ಇತ್ತೋ ಅವರ ಬಳಿಯೇ ಮೂಲ ದಾಖಲೆ ಇರುತ್ತದೆ. ಅಂಕಪಟ್ಟಿಯ ಮೇಲಿನ ಹೆಸರು ನೋಡಿದರೆ ಸಾಕು. ಅಪ್ಪಿತಪ್ಪಿ ಬೇರೆ ಕಡೆ ಹಾಕಿದರೂ ಅರ್ಜಿ ಹಾಳಾಗುವುದಿಲ್ಲ. ಸೆಕ್ಷನ್ 6(3)ರ ಪ್ರಕಾರ ಅವರು 5 ದಿನದೊಳಗೆ ಸರಿಯಾದ ಪ್ರಾಧಿಕಾರಕ್ಕೆ ವರ್ಗಾಯಿಸಿ ನಿಮಗೆ ತಿಳಿಸಬೇಕು.

ಅರ್ಜಿ ಇಲ್ಲದೆಯೇ ಸಿಗುವುದನ್ನು ಮೊದಲು ಬಾಚಿಕೊಳ್ಳಿ

ಕೇಳದೆಯೇ ಕೊಡಬೇಕಾದ ಮಾಹಿತಿಯ ದೊಡ್ಡ ಪಟ್ಟಿ ಸೆಕ್ಷನ್ 4(1)(ಬಿ)ಯಲ್ಲಿದೆ. ಒಟ್ಟು 17 ಬಾಬ್ತು. ಅಧಿಕಾರಿ–ನೌಕರರ ಡೈರೆಕ್ಟರಿ, ಅವರ ತಿಂಗಳ ಸಂಬಳ, ಬಜೆಟ್, ಸಮಿತಿಗಳ ವಿವರ, ಆ ಸಮಿತಿಗಳ ನಡವಳಿ ಜನರಿಗೆ ಸಿಗುತ್ತದೆಯೇ ಅನ್ನುವುದು, ಮಾಹಿತಿ ಅಧಿಕಾರಿಗಳ ಹೆಸರು, ಎಲ್ಲವೂ ಅದರಲ್ಲಿ ಬರಬೇಕು. ವಿಶ್ವವಿದ್ಯಾಲಯದ ಜಾಲತಾಣದಲ್ಲಿ 'ಆರ್‌ಟಿಐ' ಅನ್ನುವ ಮೂಲೆ ಹುಡುಕಿ. ಎಷ್ಟೋ ಕಡೆ ಅಲ್ಲಿ ನಿವೃತ್ತರಾದವರ ಹೆಸರೇ ಇನ್ನೂ ಕೂತಿರುತ್ತದೆ, ಅದು ಬೇರೆ ಮಾತು.

ನನಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಕಾಲೇಜು, ವಿಶ್ವವಿದ್ಯಾಲಯಗಳಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ಸಲ್ಲಿಸಿದ ಸ್ವಯಂ ಅಧ್ಯಯನ ವರದಿ ಮತ್ತು ವರ್ಷ ವರ್ಷದ ಗುಣಮಟ್ಟ ವರದಿ. ಒಳ್ಳೆಯ ಗ್ರೇಡ್ ಬೇಕಲ್ಲ, ಹಾಗಾಗಿ ವಿಶ್ವವಿದ್ಯಾಲಯ ತನ್ನ ಬಗ್ಗೆ ಎಲ್ಲವನ್ನೂ ಅಲ್ಲಿ ಬರೆದುಕೊಂಡಿರುತ್ತದೆ. ಎಷ್ಟು ಹುದ್ದೆ ಮಂಜೂರು, ಎಷ್ಟು ಖಾಲಿ, ಗ್ರಂಥಾಲಯಕ್ಕೆ ಎಷ್ಟು ಖರ್ಚು, ಎಷ್ಟು ಪಿಎಚ್‌ಡಿ. ಪಿಎಚ್‌ಡಿ ಪ್ರಬಂಧ ಬೇಕಿದ್ದರೆ 'ಶೋಧಗಂಗಾ' ನೋಡಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅದನ್ನು ನಡೆಸುತ್ತದೆ, ಪುಕ್ಕಟೆ ಓದಬಹುದು.

ನಿಮ್ಮದೇ ಅಂಕಪಟ್ಟಿಯ ನಕಲು, ಟ್ರಾನ್ಸ್‌ಕ್ರಿಪ್ಟ್, ಪದವಿ ಪ್ರಮಾಣಪತ್ರ ಬೇಕಾದರೆ ಆರ್‌ಟಿಐ ಹಾಕಬೇಡಿ. ಅದಕ್ಕೆ ಪರೀಕ್ಷಾ ವಿಭಾಗದ ಮಾಮೂಲಿ ಅರ್ಜಿ, ಮಾಮೂಲಿ ಶುಲ್ಕ ಇದೆ. ಇತ್ತೀಚಿನ ವರ್ಷಗಳದ್ದು ಡಿಜಿಲಾಕರ್‌ನಲ್ಲೇ ಸಿಗಬಹುದು. ಕೊಟ್ಟ ಅರ್ಜಿ ಮೂರು ತಿಂಗಳಾದರೂ ಅಲ್ಲಾಡದಿದ್ದರೆ ಮಾತ್ರ ಆರ್‌ಟಿಐ ತೆಗೆಯಿರಿ. ಆಗಲೂ 'ಅಂಕಪಟ್ಟಿ ಕೊಡಿ' ಅನ್ನಬೇಡಿ. 'ಇಂಥ ದಿನ ಇಂಥ ಸ್ವೀಕೃತಿ ಸಂಖ್ಯೆಯ ನನ್ನ ಅರ್ಜಿಯ ಮೇಲೆ ಈವರೆಗೆ ಬರೆದ ಟಿಪ್ಪಣಿಗಳ ನಕಲು ಕೊಡಿ' ಅನ್ನಿ. ನಕಲು ಬರುವ ಮೊದಲೇ ಅಂಕಪಟ್ಟಿ ಬಂದುಬಿಡುವ ಸಂಭವ ಹೆಚ್ಚು.

ಯಾವ ಕೆಲಸಕ್ಕೆ ಯಾವ ಕಾಗದ?

ಇಡೀ ಮಾರ್ಗದರ್ಶಿಯ ಹೂರಣ ಇದು. ನಿಧಾನಕ್ಕೆ ಓದಿ.

ಒಂದು ಕಡತ ಹೇಗೆ ಓಡಾಡುತ್ತದೆ ಅಂತ ಮೊದಲು ಕಣ್ಣಮುಂದೆ ತಂದುಕೊಳ್ಳಿ. ಪತ್ರ ಟಪಾಲು ವಿಭಾಗಕ್ಕೆ ಬರುತ್ತದೆ, ಆವಕ ವಹಿಯಲ್ಲಿ ನಂಬರು ಬೀಳುತ್ತದೆ. ವಿಷಯ ನಿರ್ವಾಹಕರು ಟಿಪ್ಪಣಿ ಹಾಳೆಯಲ್ಲಿ ವಿಷಯ ಮಂಡಿಸುತ್ತಾರೆ. ಅಲ್ಲಿಂದ ಅಧೀಕ್ಷಕರು, ಸಹಾಯಕ ಕುಲಸಚಿವರು, ಉಪ ಕುಲಸಚಿವರು, ಕುಲಸಚಿವರು, ಕೊನೆಗೆ ಕುಲಪತಿಗಳು. ಪ್ರತಿಯೊಬ್ಬರೂ ಒಂದು ಸಾಲು ಬರೆದು ಸಹಿ ಹಾಕುತ್ತಾರೆ. ಕಡತದ ಒಂದು ಬದಿ ಪತ್ರ ವ್ಯವಹಾರ, ಇನ್ನೊಂದು ಬದಿ ಟಿಪ್ಪಣಿ. ನಿಜವಾದ ಕಥೆ ಇರುವುದು ಟಿಪ್ಪಣಿಯಲ್ಲಿ. 'ಕಡತದ ಟಿಪ್ಪಣಿ ಕೊಡಲಾಗದು' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾಯ್ದೆಯ ವ್ಯಾಖ್ಯೆಯಲ್ಲಿ 'ಅಭಿಪ್ರಾಯ', 'ಸಲಹೆ', 'ಕಡತ' ಮೂರೂ ಇವೆ.

ದೊಡ್ಡ ತೀರ್ಮಾನಗಳು ಸಿಂಡಿಕೇಟ್, ಅಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಸಭೆಯಲ್ಲಿ ಆಗುತ್ತವೆ. ಪಠ್ಯ, ಕೋರ್ಸು, ನಿಯಮಾವಳಿಯ ವಿಷಯ ವಿದ್ಯಾವಿಷಯಕ ಪರಿಷತ್ತಿನಲ್ಲಿ. ಅದಕ್ಕೂ ಮುಂಚೆ ಅಧ್ಯಯನ ಮಂಡಳಿಯಲ್ಲಿ. ಹಣದ್ದು ಹಣಕಾಸು ಸಮಿತಿಯಲ್ಲಿ. ಪ್ರತಿ ಸಭೆಗೂ ಕಾರ್ಯಸೂಚಿ, ಅದರ ಜತೆ ಟಿಪ್ಪಣಿ, ಆಮೇಲೆ ನಡವಳಿ, ಮುಂದಿನ ಸಭೆಯಲ್ಲಿ ಕೈಗೊಂಡ ಕ್ರಮದ ವರದಿ. ಜನ ನಡವಳಿ ಒಂದನ್ನೇ ಕೇಳುತ್ತಾರೆ. ನಡವಳಿಯಲ್ಲಿ ಏನಿರುತ್ತದೆ? 'ಚರ್ಚಿಸಿ ಅನುಮೋದಿಸಲಾಯಿತು.' ಅಷ್ಟೇ. ಕಾರ್ಯಸೂಚಿಯ ಟಿಪ್ಪಣಿಯಲ್ಲಿ ಮಾತ್ರ ಯಾರು ಯಾಕೆ ಆ ವಿಷಯ ತಂದರು ಅಂತ ಇರುತ್ತದೆ. ಎರಡನ್ನೂ ಒಟ್ಟಿಗೆ ಕೇಳಿ.

ಕಟ್ಟಡ ಅಥವಾ ಖರೀದಿಯ ವಿಷಯವೇ? ವಿಶ್ವವಿದ್ಯಾಲಯದ ಖರೀದಿಗೂ 1999ರ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯವಾಗುತ್ತದೆ, ನಮ್ಮಲ್ಲಿ ಕೆಟಿಪಿಪಿ ಅನ್ನುತ್ತಾರಲ್ಲ, ಅದೇ. ಟೆಂಡರ್ ಪ್ರಕಟಣೆ, ಬಿಡ್‌ದಾರರ ದರ ಹೋಲಿಕೆ ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಕೆಲಸ ಮುಗಿದ ಪ್ರಮಾಣಪತ್ರ, ಬಿಲ್ಲು, ಅನುದಾನದ ಹಣಬಳಕೆ ಪ್ರಮಾಣಪತ್ರ. ಈ ಸಾಲಿನಲ್ಲಿ ನನ್ನ ಮೆಚ್ಚಿನದು ಅಳತೆ ಪುಸ್ತಕ. ಗೋಡೆ ಎಷ್ಟು ಉದ್ದ ಅಂತ ಪುಸ್ತಕ ಹೇಳುತ್ತದೆ, ನೀವು ಟೇಪು ಹಿಡಿದು ನೋಡಬಹುದು. ಇದೆಲ್ಲಕ್ಕಿಂತ ಸುಲಭದ ದಾರಿ ರಾಜ್ಯ ಲೆಕ್ಕಪರಿಶೋಧನೆ ಇಲಾಖೆಯ ಆಡಿಟ್ ವರದಿ. ಆಕ್ಷೇಪಣೆಗಳನ್ನು ಅವರೇ ಹೆಕ್ಕಿ ಕೊಟ್ಟಿರುತ್ತಾರೆ. ಆ ಆಕ್ಷೇಪಣೆಗೆ ವಿಶ್ವವಿದ್ಯಾಲಯ ಬರೆದ ಪಾಲನಾ ವರದಿಯನ್ನೂ ಸೇರಿಸಿ ಕೇಳಿ.

ನೇಮಕಾತಿಯಾದರೆ ರೋಸ್ಟರ್ ವಹಿ (ಯಾವ ಹುದ್ದೆ ಯಾವ ಮೀಸಲಾತಿ ವರ್ಗಕ್ಕೆ ಅನ್ನುವ ಲೆಕ್ಕ), ಅಧಿಸೂಚನೆ, ಪರಿಶೀಲನಾ ಸಮಿತಿಯ ನಡವಳಿ, ಅಂಕ ಹಂಚಿಕೆಯ ಮಾನದಂಡ, ವರ್ಗವಾರು ಕಟ್ ಆಫ್.

ಇನ್ನು ಖಾಸಗಿ ಕಾಲೇಜು. 'ಅದು ಖಾಸಗಿ, ಆರ್‌ಟಿಐ ನಡೆಯುವುದಿಲ್ಲ' ಅಂತ ಜನ ಕೈಬಿಡುತ್ತಾರೆ. ಅಷ್ಟು ಬೇಗ ಸೋಲಬೇಡಿ. ಸಂಯೋಜನೆ ಕೊಡುವ ಮುಂಚೆ ವಿಶ್ವವಿದ್ಯಾಲಯ ಸ್ಥಳೀಯ ವಿಚಾರಣಾ ಸಮಿತಿಯನ್ನು ಕಳಿಸುತ್ತದೆ. ಎಲ್ಲರ ಬಾಯಲ್ಲೂ ಅದು 'ಎಲ್‌ಐಸಿ'. ಲ್ಯಾಬ್ ಇದೆಯೇ, ಉಪನ್ಯಾಸಕರು ಅರ್ಹರೇ, ಜಾಗ ಎಷ್ಟು, ಎಲ್ಲವೂ ಆ ಸಮಿತಿಯ ವರದಿಯಲ್ಲಿರುತ್ತದೆ. ವರದಿ ಇರುವುದು ವಿಶ್ವವಿದ್ಯಾಲಯದ ಕಪಾಟಿನಲ್ಲಿ, ಆದ್ದರಿಂದ ಅದು ನಿಮಗೆ ಸಿಗುತ್ತದೆ. ಇನ್ನೂ ಮುಂದಕ್ಕೆ ಹೋದರೆ, ಬೇರೆ ಕಾನೂನಿನ ಬಲದಿಂದ ಸಾರ್ವಜನಿಕ ಪ್ರಾಧಿಕಾರ ಯಾವ ಖಾಸಗಿ ಸಂಸ್ಥೆಯ ಮಾಹಿತಿ ತರಿಸಿಕೊಳ್ಳಬಹುದೋ ಅದೂ ಸೆಕ್ಷನ್ 2(ಎಫ್) ಪ್ರಕಾರ ಮಾಹಿತಿಯೇ. ಕಾಲೇಜು ಸರ್ಕಾರದ ಅನುದಾನದಲ್ಲೇ ಬಹುಪಾಲು ನಡೆಯುತ್ತಿದ್ದರೆ ನೇರವಾಗಿ ಅದಕ್ಕೇ ಅರ್ಜಿ ಹಾಕಬಹುದು. ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಹೇಳಿತು.

ಅರ್ಜಿ ಬರೆಯುವುದು

ಕರ್ನಾಟಕದ ನಿಯಮದಲ್ಲಿ ಎರಡು ಕಟ್ಟುಪಾಡುಗಳಿವೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಸಾಮಾನ್ಯವಾಗಿ 150 ಪದ ದಾಟಬಾರದು. 2008ರ ತಿದ್ದುಪಡಿಯಿಂದ ಬಂದದ್ದಿದು. ಎಷ್ಟೋ ಅರ್ಜಿ ಇದೊಂದೇ ಕಾರಣಕ್ಕೆ ವಾಪಸ್ಸಾಗುತ್ತದೆ. ನಿಯಮ ನನಗೂ ಇಷ್ಟವಿಲ್ಲ. ಆದರೆ ನಿಜ ಹೇಳಬೇಕೆಂದರೆ, ಪದ ಎಣಿಸಲು ಶುರುಮಾಡಿದ ಮೇಲೆ ನನ್ನ ಅರ್ಜಿಗಳು ಸುಧಾರಿಸಿದವು. ಎರಡು ವಿಷಯ ಇದ್ದರೆ ಎರಡು ಅರ್ಜಿ ಹಾಕಿ. ಖರ್ಚು ಇನ್ನೊಂದು 10 ರೂಪಾಯಿ.

ನಮೂನೆ 'ಎ' ಬಳಸಿ. ಕನ್ನಡದಲ್ಲೇ ಬರೆಯಿರಿ, ಅದು ನಿಮ್ಮ ಹಕ್ಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿ ನೆರವಾಗಬೇಕು. ಯಾಕೆ ಬೇಕು ಅಂತ ಹೇಳಬೇಕಿಲ್ಲ. ಯಾರಾದರೂ ಕೌಂಟರ್‌ನಲ್ಲಿ ಕೇಳಿದರೆ ನಕ್ಕು ಸುಮ್ಮನಿರಿ. ಸೆಕ್ಷನ್ 6(2) ಇರುವುದೇ ಅದಕ್ಕೆ.

ಮಾದರಿಗೆ ಇದನ್ನು ನೋಡಿ:

"ಇವರಿಗೆ: ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಸಂಯೋಜನೆ ವಿಭಾಗ, ... ವಿಶ್ವವಿದ್ಯಾಲಯ. ವಿಷಯ: ಮಾಹಿತಿ ಹಕ್ಕು ಅಧಿನಿಯಮ 2005ರ ಸೆಕ್ಷನ್ 6(1)ರಡಿ ದಾಖಲೆ ಕೋರಿ. ... ತಾಲ್ಲೂಕಿನ ... ಕಾಲೇಜಿಗೆ 2024–25ನೇ ಸಾಲಿನ ಸಂಯೋಜನೆ ನೀಡಿದ ಕಡತಕ್ಕೆ ಸಂಬಂಧಿಸಿ ಈ ದಾಖಲೆಗಳ ದೃಢೀಕೃತ ನಕಲು ನೀಡಲು ಕೋರುತ್ತೇನೆ. 1. ಸ್ಥಳೀಯ ವಿಚಾರಣಾ ಸಮಿತಿಯ ವರದಿ, ಅನುಬಂಧ ಸಹಿತ. 2. ಆ ಕಡತದ ಟಿಪ್ಪಣಿ ಹಾಳೆಗಳು, ಮೊದಲ ಪುಟದಿಂದ ಕೊನೆಯ ಪುಟದವರೆಗೆ. 3. ಸಂಯೋಜನೆಯ ಬಗ್ಗೆ ಸಿಂಡಿಕೇಟ್ ಸಭೆಗೆ ಮಂಡಿಸಿದ ಕಾರ್ಯಸೂಚಿ ಟಿಪ್ಪಣಿ ಮತ್ತು ನಡವಳಿಯ ಆ ಭಾಗ. 4. ಸಂಯೋಜನೆ ಆದೇಶ. ಪ್ರತಿ ಪುಟದ ಶುಲ್ಕ ಪಾವತಿಸಲು ಸಿದ್ಧನಿದ್ದೇನೆ. ನಾನು ಭಾರತದ ಪ್ರಜೆ."

ನೋಡಿದಿರಲ್ಲ? ಒಂದೂ ಪ್ರಶ್ನಾರ್ಥಕ ಚಿಹ್ನೆ ಇಲ್ಲ. ವರ್ಷ ಇದೆ, ವಿಭಾಗ ಇದೆ, ಕಾಗದದ ಹೆಸರಿದೆ. 'ಎಲ್ಲ ಮಾಹಿತಿ', 'ಸಂಪೂರ್ಣ ವಿವರ', 'ಆರಂಭದಿಂದ ಇಂದಿನವರೆಗೆ', ಇಂಥ ಪದಗಳನ್ನು ಹಾಕಿದಿರೋ ಕೆಲಸ ಕೆಟ್ಟಿತು. ಹಾಗೆಯೇ ಇಲ್ಲದ ಪಟ್ಟಿಯನ್ನು ಹೊಸದಾಗಿ ತಯಾರಿಸಿ ಕೊಡಿ ಅಂತ ಕೇಳಲಾಗದು. ಇದ್ದ ಕಾಗದವನ್ನಷ್ಟೇ ಕೊಡುವ ಹೊಣೆ ಅವರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

'ಭಾರತದ ಪ್ರಜೆ' ಅನ್ನುವ ಸಾಲು ಬಿಡಬೇಡಿ. ಹಕ್ಕು ಇರುವುದು ಪ್ರಜೆಗಳಿಗೆ ಮಾತ್ರ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಕನ್ನಡಿಗರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಧಾರಾಳವಾಗಿ ಅರ್ಜಿ ಹಾಕಬಹುದು. ಬೇರೆ ದೇಶದ ಪೌರತ್ವ ಪಡೆದ ಒಸಿಐ ಕಾರ್ಡಿನವರು ಊರಿನಲ್ಲಿರುವ ಅಣ್ಣನನ್ನೋ ಅಕ್ಕನನ್ನೋ ಹಿಡಿಯಬೇಕು. ಸಂಘ, ಟ್ರಸ್ಟಿನ ಲೆಟರ್‌ಹೆಡ್‌ನಲ್ಲಿ ಬರೆಯುವ ಬದಲು ನಿಮ್ಮ ಸ್ವಂತ ಹೆಸರಿನಲ್ಲಿ ಬರೆಯಿರಿ.

ಸಲ್ಲಿಸುವುದು ಮತ್ತು ಹಣ

ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು. ಖುದ್ದಾಗಿ ಹೋದರೆ ನಗದು ಕಟ್ಟಿ ರಸೀದಿ ಪಡೆಯಿರಿ. ದೂರದಲ್ಲಿದ್ದರೆ ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಸಲೀಸು. ಪೋಸ್ಟಲ್ ಆರ್ಡರ್ ಯಾರ ಹೆಸರಿಗೆ ಅಂತ ಒಂದು ಫೋನ್ ಮಾಡಿ ಕೇಳಿ. ಕೆಲವು ಕಡೆ ಕುಲಸಚಿವರು ಅನ್ನುತ್ತಾರೆ, ಕೆಲವು ಕಡೆ ಹಣಕಾಸು ಅಧಿಕಾರಿ ಅನ್ನುತ್ತಾರೆ. ಅದರ ನಂಬರನ್ನು ಅರ್ಜಿಯಲ್ಲೇ ಬರೆಯಿರಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಿನದ ವಿವರವನ್ನು ಮೊಬೈಲ್‌ನಲ್ಲಿ ಫೋಟೊ ಹಿಡಿದಿಡಿ. ನಿಮ್ಮ ಗಡಿಯಾರ ಓಡಲು ಶುರುವಾಗುವುದು ಆ ದಿನದಿಂದ.

ರಾಜ್ಯ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್ ಇದೆ. ನಿಮ್ಮ ವಿಶ್ವವಿದ್ಯಾಲಯ ಅದರ ಪಟ್ಟಿಯಲ್ಲಿದ್ದರೆ ಮನೆಯಲ್ಲೇ ಕೂತು ಹಾಕಿ. ಆದರೆ ದೆಹಲಿಯ ಕೇಂದ್ರ ಪೋರ್ಟಲ್‌ನಲ್ಲಿ ಹಾಕಬೇಡಿ. ಅದು ಕೇಂದ್ರದ ಸಂಸ್ಥೆಗಳಿಗೆ ಮಾತ್ರ. ರಾಜ್ಯದ್ದು ಅಲ್ಲಿ ಹಾಕಿದರೆ ಅರ್ಜಿಯೂ ನಡೆಯುವುದಿಲ್ಲ, ಹಣವೂ ವಾಪಸ್ ಬರುವುದಿಲ್ಲ.

30 ದಿನದ ಲೆಕ್ಕ

ಅರ್ಜಿ ತಲುಪಿ 30 ದಿನದೊಳಗೆ ಉತ್ತರ ಬರಬೇಕು. ಸಹಾಯಕ ಮಾಹಿತಿ ಅಧಿಕಾರಿಯ ಕೈಗೆ ಕೊಟ್ಟಿದ್ದರೆ 5 ದಿನ ಸೇರಿಸಿ. ಬೇರೆಯವರಿಗೆ ಸಂಬಂಧಿಸಿದ ಮಾಹಿತಿ ಅಂತ ಅವರಿಗೆ ನೋಟಿಸ್ ಕೊಟ್ಟಿದ್ದರೆ 40 ದಿನ.

ಬಹಳ ಜನ ಎಡವುವುದು ಶುಲ್ಕದ ಪತ್ರದಲ್ಲಿ. ಎ4 ಪುಟಕ್ಕೆ 2 ರೂಪಾಯಿ. '84 ಪುಟ ಇದೆ, 168 ರೂಪಾಯಿ ಕಟ್ಟಿ' ಅಂತ ಪತ್ರ ಬರುತ್ತದೆ. ಆ ಪತ್ರ ಕಳಿಸಿದ ದಿನ ಗಡಿಯಾರ ನಿಲ್ಲುತ್ತದೆ. ನೀವು ಹಣ ಕಟ್ಟಿದ ದಿನ ಮತ್ತೆ ಓಡುತ್ತದೆ. 12ನೇ ದಿನ ಪತ್ರ ಕಳಿಸಿದರು, ನೀವು 10 ದಿನ ಬಿಟ್ಟು ಹಣ ಕಟ್ಟಿದಿರಿ ಅನ್ನಿ. ಅವರಿಗೆ ಇನ್ನೂ 18 ದಿನ ಉಳಿದಿದೆ. ಆದ್ದರಿಂದ ಪತ್ರ ಬಂದ ದಿನವೇ ಹಣ ಕಟ್ಟಿ. ಪತ್ರವನ್ನೇ 30 ದಿನ ಕಳೆದ ಮೇಲೆ ಬರೆದಿದ್ದರೆ ಕಟ್ಟಬೇಡಿ. ಸೆಕ್ಷನ್ 7(6)ರ ಪ್ರಕಾರ ತಡವಾದರೆ ಮಾಹಿತಿ ಪುಕ್ಕಟೆ. ಹಾಗಂತ ಒಂದು ಕಾಗದ ಬರೆದು ಕಳಿಸಿ. ಪತ್ರದ ಮೇಲಿನ ತಾರೀಖನ್ನು ಮಾತ್ರ ನಂಬಬೇಡಿ, ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡಿ. ಲಕೋಟೆ ಎಸೆಯಲೇಬಾರದು.

ಸಾವಿರಾರು ಪುಟದ ವಿಷಯವಾದರೆ ನಕಲಿನ ಬದಲು ಕಡತ ಪರಿಶೀಲನೆ ಕೇಳಿ. ಅವರೇ ದಿನ ಗೊತ್ತುಮಾಡಿ ಕರೆಯುತ್ತಾರೆ. ಕೂತು ನೋಡಿ, ಬೇಕಾದ ಪುಟಗಳಿಗೆ ಚೀಟಿ ಇಟ್ಟು ಅಷ್ಟಕ್ಕೆ ಮಾತ್ರ ನಕಲು ಪಡೆಯಿರಿ. ಹೋಗುವಾಗ ಜತೆಗೊಬ್ಬರು ಇದ್ದರೆ ಒಳ್ಳೆಯದು. ಎದುರಿಗೆ ಕೂತ ವಿಷಯ ನಿರ್ವಾಹಕರ ಜತೆ ಜಗಳ ಆಡಬೇಡಿ. ಎಷ್ಟೋ ಸಲ 'ಸಾರ್, ಆ ಕಡತ ಅಲ್ಲ, ನಿಮಗೆ ಬೇಕಾದ್ದು ಈ ಕಡತ' ಅಂತ ಕೈತೋರಿಸುವವರು ಅವರೇ.

ಉತ್ತರ ಪತ್ರಿಕೆ ಬೇಕಾದವರಿಗೆ

ಬರೆದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಗಟ್ಟಿಯಾದದ್ದು ಕಲ್ಕತ್ತಾ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿಯಿಂದ. ಅದೂ ರಾಜ್ಯ ವಿಶ್ವವಿದ್ಯಾಲಯವೇ. 2008ರಲ್ಲಿ ಕಲ್ಕತ್ತಾ ಹೈಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸಿಬಿಎಸ್‌ಇ ಪ್ರಕರಣದ ಜತೆಗೇ ಅದನ್ನೂ ತೀರ್ಮಾನಿಸಿ, ಪರೀಕ್ಷೆ ಬರೆದವನಿಗೆ ತನ್ನ ಮೌಲ್ಯಮಾಪನವಾದ ಉತ್ತರ ಪತ್ರಿಕೆ ಸಿಗಬೇಕು ಅಂದಿತು. ಮೌಲ್ಯಮಾಪಕರ ಹೆಸರು, ಸಹಿ ಮಾತ್ರ ಮುಚ್ಚಿ ಕೊಡುತ್ತಾರೆ. ಅವರ ಸುರಕ್ಷತೆಗಾಗಿ ಅದು ಸರಿಯೇ.

ಇಲ್ಲಿ ಶತ್ರು ಸಮಯ. ಉತ್ತರ ಪತ್ರಿಕೆಗಳನ್ನು ವಿಶ್ವವಿದ್ಯಾಲಯ ಸ್ವಲ್ಪ ಕಾಲ ಮಾತ್ರ ಇಟ್ಟು ಆಮೇಲೆ ನಾಶ ಮಾಡುತ್ತದೆ. ಹಕ್ಕು ಆ ಅವಧಿಯೊಳಗೆ ಮಾತ್ರ ಅಂತ ಅದೇ ತೀರ್ಪಿನಲ್ಲಿದೆ. ಫಲಿತಾಂಶ ಬಂದ ವಾರದಲ್ಲೇ ಅರ್ಜಿ ಹಾಕಿ. ಅರ್ಜಿಯಲ್ಲಿ 'ಇದು ವಿಲೇವಾರಿಯಾಗುವವರೆಗೆ ಪತ್ರಿಕೆಯನ್ನು ಕಾಪಾಡಿ' ಅಂತ ಒಂದು ಸಾಲು ಸೇರಿಸಿ. ಅರ್ಜಿ ಹೋಗಬೇಕಾದದ್ದು ಕುಲಸಚಿವರ (ಮೌಲ್ಯಮಾಪನ) ಕಚೇರಿಯ ಮಾಹಿತಿ ಅಧಿಕಾರಿಗೆ, ಆಡಳಿತ ವಿಭಾಗಕ್ಕಲ್ಲ.

'ನಮ್ಮಲ್ಲಿ ನಕಲು ಪ್ರತಿಗೆ ಬೇರೆ ಶುಲ್ಕ ಇದೆ, ಅದನ್ನೇ ಕಟ್ಟಿ' ಅನ್ನುತ್ತಾರೆ. ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಸಂಸ್ಥೆಯ ಸ್ವಂತ ದಾರಿಯೂ ಇರಬಹುದು, ಆರ್‌ಟಿಐ ದಾರಿಯೂ ಇರಬಹುದು, ಆಯ್ಕೆ ಅಭ್ಯರ್ಥಿಯದು. ಆರ್‌ಟಿಐಯಲ್ಲಿ ಬಂದರೆ ಆರ್‌ಟಿಐ ಶುಲ್ಕ ಮಾತ್ರ. ಆದರೂ ಒಂದು ಎಚ್ಚರ. ಮರು ಮೌಲ್ಯಮಾಪನಕ್ಕೆ ಹಾಕುವ ಕೊನೆಯ ದಿನ ನಿಮ್ಮ 30 ದಿನಕ್ಕಿಂತ ಮೊದಲೇ ಮುಗಿಯುತ್ತಿದ್ದರೆ, ಹಣ ಜಾಸ್ತಿಯಾದರೂ ಅವರ ದಾರಿಯಲ್ಲೇ ಹೋಗಿ. ಹಕ್ಕು ಸಾಧಿಸಲು ಹೋಗಿ ಒಂದು ವರ್ಷ ಕಳೆದುಕೊಳ್ಳಬೇಡಿ.

'ಕೊಡಲಾಗದು' ಅಂದಾಗ

ನಿರಾಕರಿಸುವವರು ಯಾವ ಸೆಕ್ಷನ್, ಯಾಕೆ, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಅಂತ ಬರೆಯಲೇಬೇಕು. ಕೊಡದೆ ಇರಬಹುದಾದ ಮಾಹಿತಿಯ ಪಟ್ಟಿ ಸೆಕ್ಷನ್ 8ರಲ್ಲಿದೆ. ಆದರೆ ಸುಮ್ನೆ 'ಸೆಕ್ಷನ್ 8ರಡಿ ನೀಡಲು ಬರುವುದಿಲ್ಲ' ಅಂದರೆ ಅದು ಉತ್ತರವೇ ಅಲ್ಲ.

'ವೈಯಕ್ತಿಕ ಮಾಹಿತಿ', ಅಂದರೆ 8(1)(ಜೆ), ಇದು ಈಗ ದೊಡ್ಡ ಗೋಡೆ. ಮೊದಲು ಆ ಸೆಕ್ಷನ್‌ನಲ್ಲೇ ಸಾರ್ವಜನಿಕ ಕೆಲಸಕ್ಕೆ ಸಂಬಂಧವಿದೆಯೇ ಅಂತ ತೂಗಿ ನೋಡುವ ಮಾತಿತ್ತು. 2023ರ ದತ್ತಾಂಶ ರಕ್ಷಣೆ ಕಾಯ್ದೆ ಆ ಮಾತುಗಳನ್ನು ಕಿತ್ತುಹಾಕಿತು, ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಕಾಯ್ದೆಗೆ ಇಷ್ಟು ದೊಡ್ಡ ಪೆಟ್ಟು ಬಿದ್ದದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಉಳಿದಿರುವ ಕಿಂಡಿ 8(2): ಗುಟ್ಟು ಕಾಯುವುದಕ್ಕಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು. ಆ ಹಿತ ಏನು ಅಂತ ಎರಡು ಸಾಲಿನಲ್ಲಿ ನೀವೇ ಬರೆದು ತೋರಿಸಬೇಕು. ಸಂಬಳದ ವಿವರವನ್ನು ಇದೇ ನೆಪದಲ್ಲಿ ಕೊಡದಿದ್ದರೆ, ಸೆಕ್ಷನ್ 4ರ ಪ್ರಕಾರ ಅದನ್ನು ಪ್ರಕಟಿಸಬೇಕಾದವರು ಅವರೇ ಅಂತ ನೆನಪಿಸಿ.

ಬೇರೆಯವರ ಅಂಕ, ಪದವಿಯ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಪ್ರಧಾನಿಯ ಎಂಎ ಪದವಿಯ ಮಾಹಿತಿ ಕೊಡಿ ಅಂತ ಕೇಂದ್ರ ಮಾಹಿತಿ ಆಯೋಗ 2016ರಲ್ಲಿ ಗುಜರಾತ್ ವಿಶ್ವವಿದ್ಯಾಲಯಕ್ಕೆ ಹೇಳಿತ್ತು. 2023ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿ, ಮಾಹಿತಿ ಕೇಳಿದ್ದ ಅರವಿಂದ ಕೇಜ್ರಿವಾಲ್ ಅವರಿಗೆ 25,000 ರೂಪಾಯಿ ದಂಡ ಹಾಕಿತು. ದೆಹಲಿ ವಿಶ್ವವಿದ್ಯಾಲಯದ ದಾಖಲೆಗಳ ವಿಷಯದಲ್ಲಿ ದೆಹಲಿ ಹೈಕೋರ್ಟ್ ಕೂಡ 2025ರ ಆಗಸ್ಟ್‌ನಲ್ಲಿ ಅದೇ ದಾರಿ ಹಿಡಿಯಿತು.

'ತನಿಖೆ ನಡೆಯುತ್ತಿದೆ' ಅನ್ನುವುದು ಇನ್ನೊಂದು ಹಳೆಯ ರಾಗ. ತನಿಖೆ ಇದೆ ಅಂದರೆ ಸಾಲದು, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಅಂತ ತೋರಿಸಬೇಕು. ದೆಹಲಿ ಹೈಕೋರ್ಟ್ 2007ರಲ್ಲೇ ಇದನ್ನು ಹೇಳಿದೆ. 'ಕಡತ ಸಿಗುತ್ತಿಲ್ಲ' ಅಂದರೆ? ಅದು ಕಾಯ್ದೆಯಲ್ಲಿರುವ ವಿನಾಯಿತಿಯೇ ಅಲ್ಲ. 2013ರಲ್ಲಿ ಅದೇ ಹೈಕೋರ್ಟ್, ಸರಿಯಾಗಿ ಹುಡುಕಬೇಕು, ಸಿಗದಿದ್ದರೆ ವಿಚಾರಣೆ ಮಾಡಿ ಹೊಣೆ ಯಾರದೆಂದು ಗೊತ್ತುಮಾಡಬೇಕು ಅಂದಿತು. ಇನ್ನು 'ಮಾಹಿತಿ ಬೃಹತ್ತಾಗಿದೆ' ಅನ್ನುವ ನೆಪಕ್ಕೆ ಕಡತ ಪರಿಶೀಲನೆಯೇ ಮದ್ದು. ಸೆಕ್ಷನ್ 7(9) ಮಾಹಿತಿಯ ರೂಪದ ಬಗ್ಗೆ ಮಾತಾಡುತ್ತದೆ, ನಿರಾಕರಣೆಯ ಬಗ್ಗೆ ಅಲ್ಲ. ಒಂದು ಪುಟದ ಎರಡು ಸಾಲು ಗುಟ್ಟಾಗಿದ್ದರೆ ಆ ಎರಡು ಸಾಲು ಮುಚ್ಚಿ ಉಳಿದದ್ದನ್ನು ಕೊಡಬೇಕು, ಅದು ಸೆಕ್ಷನ್ 10.

ಮೇಲ್ಮನವಿ

30 ದಿನದಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದದ್ದು ಸರಿಯಿಲ್ಲ. ಆಗ 30 ದಿನದೊಳಗೆ ಅದೇ ವಿಶ್ವವಿದ್ಯಾಲಯದ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಮಾಹಿತಿ ಅಧಿಕಾರಿಗಿಂತ ಹಿರಿಯ ಅಧಿಕಾರಿ ಅವರು. ಮೇಲ್ಮನವಿ ಒಂದೇ ಪುಟ ಇರಲಿ. ಯಾವತ್ತು ಕೇಳಿದೆ, ಏನು ಕೇಳಿದೆ, ಏನು ಬಂತು, ಯಾವ ಕಾಗದ ಇನ್ನೂ ಬರಬೇಕು, ಇಷ್ಟೇ. ಹೊಸ ಮಾಹಿತಿ ಇಲ್ಲಿ ಕೇಳಬಾರದು. ಅವರು 30 ದಿನದಲ್ಲಿ, ತಡವಾದರೆ ಕಾರಣ ಬರೆದು 45 ದಿನದಲ್ಲಿ ತೀರ್ಮಾನಿಸಬೇಕು. ವಿಚಾರಣೆಗೆ ಕರೆದರೆ ಹೋಗಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಕಾಗದ ಇಲ್ಲೇ ಸಿಗುತ್ತದೆ. ನಿರಾಕರಣೆ ಸರಿ ಅಂತ ಸಾಬೀತು ಮಾಡುವ ಹೊರೆ ಮಾಹಿತಿ ಅಧಿಕಾರಿಯ ಮೇಲಿರುತ್ತದೆ, ನಿಮ್ಮ ಮೇಲಲ್ಲ.

ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗ ಇರುವುದು ಬೆಂಗಳೂರಿನ ಮಾಹಿತಿ ಸೌಧದಲ್ಲಿ. ಬೆಳಗಾವಿ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ಅಲ್ಲಿ ಸರದಿ ಉದ್ದ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅದಕ್ಕೇ ನಾನು ಮೊದಲ ಅರ್ಜಿಗೇ ಜಾಸ್ತಿ ತಲೆ ಕೆಡಿಸಿಕೊಳ್ಳಿ ಅನ್ನುವುದು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಸೆಕ್ಷನ್ 18ರಡಿ 'ದೂರು' ಬೇರೆ, ಸೆಕ್ಷನ್ 19ರಡಿ 'ಮೇಲ್ಮನವಿ' ಬೇರೆ. ಬೇಗ ಆಗುತ್ತದೆ ಅಂತ ಕೆಲವರು ನೇರ ದೂರು ಹಾಕುತ್ತಾರೆ. ದೂರಿನಲ್ಲಿ ಆಯೋಗ ದಂಡ ಹಾಕಬಹುದೇ ಹೊರತು ಮಾಹಿತಿ ಕೊಡಿಸಲಾಗದು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಮಣಿಪುರದ ಪ್ರಕರಣದಲ್ಲಿ ಹೇಳಿದೆ. ಕಾಗದ ಬೇಕಾದವರು ಮೇಲ್ಮನವಿಯಲ್ಲೇ ಹೋಗಬೇಕು. ದಂಡ ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000. ಮಾಹಿತಿ ಅಧಿಕಾರಿ ಅದನ್ನು ಸ್ವಂತ ಜೇಬಿನಿಂದ ಕಟ್ಟಬೇಕು. ನಿಮಗೆ ನಷ್ಟವಾಗಿದ್ದರೆ ವಿಶ್ವವಿದ್ಯಾಲಯದಿಂದ ಪರಿಹಾರವನ್ನೂ ಕೇಳಬಹುದು.

ಕಟ್ಟು ಕೈಗೆ ಬಂದ ಮೇಲೆ

ಲಕೋಟೆ ಒಡೆದ ತಕ್ಷಣ ಓದಲು ಕೂರಬೇಡಿ. ಮೊದಲು ಪ್ರತಿ ಪುಟದಲ್ಲೂ ದೃಢೀಕರಣದ ಮುದ್ರೆ, ಸಹಿ ಇದೆಯೇ ನೋಡಿ. ಮುದ್ರೆ ಇಲ್ಲದ ನಕಲು ಮುಂದೆ ಎಲ್ಲೂ ನಿಲ್ಲುವುದಿಲ್ಲ. ಆಮೇಲೆ ಎಣಿಸಿ. ಹಣ ಕಟ್ಟಿದ್ದು ಎಷ್ಟು ಪುಟಕ್ಕೆ, ಬಂದದ್ದು ಎಷ್ಟು? ಕೊನೆಗೆ ಟಿಪ್ಪಣಿ ಹಾಳೆಗಳ ಮೂಲೆಯಲ್ಲಿ ಕೈಯಲ್ಲಿ ಬರೆದ ಪುಟಸಂಖ್ಯೆ ಇರುತ್ತದೆ, ಅದನ್ನು ಸಾಲಾಗಿ ಜೋಡಿಸಿ. 13 ಆದ ಮೇಲೆ 15 ಬಂದರೆ 14ನೇ ಪುಟ ಎಲ್ಲಿ ಅಂತ ಅವತ್ತೇ ಮೇಲ್ಮನವಿ ಬರೆಯಿರಿ.